ಅರಬ್ ದಂಗೆಗಳೂ ಅಮೆರಿಕದ ಅಧ್ಯಕ್ಷರ ನೀತಿಯೂ: ಮಂಗಳೂರಿನಿಂದ ಒಂದು ವಿವೇಚನೆ

ಕ್ರಿ.ಶ. ೨೦೧೦ರ ಕೊನೆಯಿಂದ ಅರಬ್ ದೇಶಗಳಲ್ಲಿ ಒಂದರ ಹಿಂದೊಂದರಂತೆ ಎದ್ದ ಜನದಂಗೆಗಳನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಅಂದಿನ ಅಧ್ಯಕ್ಷರಾದ ಬರಾಕ್ ಒಬಾಮ ಅವರು ಎದುರಿಸಿದ ರೀತಿ ಯುಕ್ತವೋ ಅಯುಕ್ತವೋ ಎಂಬುದು ಇತಿಹಾಸ, ರಾಜ್ಯಶಾಸ್ತ್ರಗಳ ತರಗತಿಗಳಲ್ಲಿ ಚರ್ಚೆಗೆ ಯೋಗ್ಯವಾದ ವಿಷಯ. ಇಂಥ ಚರ್ಚೆ ಸಾಮಾನ್ಯವಾಗಿ ಎರಡು ಪಕ್ಷಗಳಾಗಿ ಒಡೆಯುತ್ತದೆ. ಪ್ರಜಾಪ್ರಭುತ್ವದ ಪರವಾಗಿ ಅವರು ಇನ್ನಷ್ಟು ದೃಢವಾಗಿ ನಿಲ್ಲಬೇಕಾಗಿತ್ತು ಎಂಬುದು ಒಂದು ಪಕ್ಷ. ಪರರ ಮನೆಯ ಜಗಳದಲ್ಲಿ ಕೈಹಾಕಲೇ ಬಾರದಿತ್ತು ಎಂಬುದು ಇನ್ನೊಂದು ಪಕ್ಷ. ಈಜಿಪ್ಟ್, ಲಿಬಿಯ, ಬಹರೈನ್, ಸಿರಿಯಗಳನ್ನೆಲ್ಲ ಒಂದೇ ಕಂತೆಯಾಗಿ ಕಟ್ಟಿ ಮಾತನಾಡುವುದರಿಂದ ಎರಡು ಪಕ್ಷಗಳಲ್ಲಿಯೂ ತೀರ್ಪು ಮೊದಲು ಸಿದ್ಧವಾಗಿ, ಸಾಕ್ಷ್ಯ ಆಮೇಲೆ ಬರುತ್ತದೆ.

ಈ ದೋಷವನ್ನು ನೀಗಿಕೊಳ್ಳಬೇಕಾದರೆ ತೀರ್ಪಿಗಿಂತ ಮೊದಲು ಅಳತೆಗೋಲುಗಳನ್ನು ನಿಶ್ಚಯಿಸಿಕೊಳ್ಳಬೇಕು. ಅಂಥ ನಾಲ್ಕನ್ನು ನಾವು ಇಲ್ಲಿ ವಿವರಿಸುತ್ತೇವೆ. ಅವುಗಳಲ್ಲಿ ಕೆಲವಕ್ಕೆ ಮಂಗಳೂರಿನ ಇತಿಹಾಸವೇ ಉದಾಹರಣೆಗಳನ್ನು ಒದಗಿಸುತ್ತದೆ. ಅರಬ್ ಜಗತ್ತು ಈ ಪಟ್ಟಣಕ್ಕೆ ಹೊಸದಲ್ಲ. ಇಂದಿನ ಟ್ಯುನೀಷಿಯಕ್ಕೆ ಸೇರಿದ ಮಹ್ದಿಯ ಪಟ್ಟಣದಿಂದ ಬಂದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ನೆಲಸಿ ವ್ಯಾಪಾರ ಮಾಡಿದನು. ಅವನ ಪತ್ರಗಳು ಕೈರೊ ನಗರದ ಹಳೆಯ ಯೆಹೂದಿ ಮಂದಿರದ ಕಾಗದರಾಶಿಯಲ್ಲಿ ದೊರೆತಿವೆ. ಇಂದು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳ ಸಾವಿರಾರು ಮನೆಗಳ ಸಂಸಾರ ಕೊಲ್ಲಿ ರಾಷ್ಟ್ರಗಳ ಸಂಪಾದನೆಯಿಂದ ನಡೆಯುತ್ತಿದೆ. ಆದುದರಿಂದ ಈ ಚರ್ಚೆಯಲ್ಲಿ ನಾವು ದಡದ ಮೇಲೆ ನಿಂತು ನೋಡುವವರಲ್ಲ.

೧. ಘಟನೆಗಳ ಕ್ರಮ

೨೦೧೦ನೆಯ ಡಿಸೆಂಬರ್ ೧೭ರಂದು ಟ್ಯುನೀಷಿಯದ ಸಿದಿ ಬೂಜಿದ್ ಎಂಬ ಊರಿನಲ್ಲಿ ಮಹಮ್ಮದ್ ಬುವಾಜಿಜಿ ಎಂಬ ತಳ್ಳುಗಾಡಿಯ ವ್ಯಾಪಾರಿ ಅಧಿಕಾರಿಗಳ ಕಿರುಕುಳದಿಂದ ನೊಂದು ಮೈಗೆ ಬೆಂಕಿ ಹಚ್ಚಿಕೊಂಡನು. ಆ ಕಿಡಿ ದೇಶವನ್ನೆಲ್ಲ ವ್ಯಾಪಿಸಿ, ೨೦೧೧ನೆಯ ಜನವರಿ ೧೪ರಂದು ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಬೇಕಾಯಿತು. ಜನವರಿ ೨೫ರಂದು ಈಜಿಪ್ಟಿನ ಜನ ಬೀದಿಗಿಳಿದರು. ಫೆಬ್ರವರಿ ೧೧ರಂದು ಹೊಸ್ನಿ ಮುಬಾರಕ್ ಅಧಿಕಾರ ತ್ಯಜಿಸಿದರು. ಫೆಬ್ರವರಿಯಲ್ಲಿಯೇ ಬಹರೈನ್ ಮತ್ತು ಲಿಬಿಯಗಳಲ್ಲಿಯೂ, ಮಾರ್ಚಿಯಲ್ಲಿ ಸಿರಿಯದಲ್ಲಿಯೂ ದಂಗೆಗಳು ಬಲಗೊಂಡುವು. ಯೆಮೆನಿನ ಅಧ್ಯಕ್ಷ ಸಾಲೆಹ್ ಆ ವರ್ಷದ ನವೆಂಬರಿನಲ್ಲಿ ಅಧಿಕಾರ ಹಸ್ತಾಂತರದ ಒಪ್ಪಂದಕ್ಕೆ ಸಹಿ ಹಾಕಿದರು.

ಅರಬರ ಕ್ಷೋಭೆಯೆದುರು ಅಮೆರಿಕದ ಅಧ್ಯಕ್ಷರು ಇಬ್ಬಂದಿಗೆ ಸಿಲುಕಿದ್ದು ಇದೇ ಮೊದಲಲ್ಲ. ೧೯೫೬ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲುಗಳು ಈಜಿಪ್ಟಿನ ಮೇಲೆ ಬಿದ್ದಾಗ ಐಸೆನ್‌ಹೋವರ್ ಅವರು ತಮ್ಮ ಮಿತ್ರರನ್ನೇ ಹಿಂದೆಗೆಯುವಂತೆ ಮಾಡಿದರು. ಅದೇ ಐಸೆನ್‌ಹೋವರ್ ಅವರು, ೧೯೫೮ನೆಯ ಜುಲೈ ೧೪ರಂದು ಇರಾಕಿನ ಅರಸೊತ್ತಿಗೆ ಉರುಳಿದ ಮರುದಿನವೇ, ಲೆಬನಾನಿಗೆ ಸೈನ್ಯವನ್ನು ಇಳಿಸಿದರು. ತತ್ತ್ವ ಮತ್ತು ಹಿತಾಸಕ್ತಿ ಒಂದೇ ದಾರಿಯಲ್ಲಿ ನಡೆದಾಗ ನೀತಿ ಉಜ್ವಲವಾಗಿ ಕಾಣುತ್ತದೆ. ಅವು ಬೇರೆಯಾದಾಗಲೇ ಅದರ ನಿಜವಾದ ಪರೀಕ್ಷೆ.

೨. ಮೊದಲನೆಯ ಅಳತೆ: ಹೆಸರು

ದಂಗೆಗೆ ಹೆಸರಿಡುವವರು ಯಾರು, ಯಾವ ಪ್ರಯೋಜನಕ್ಕಾಗಿ ಇಡುತ್ತಾರೆ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ೧೮೩೪ರಲ್ಲಿ ಈಸ್ಟ್ ಇಂಡಿಯ ಕಂಪೆನಿ ಕೊಡಗನ್ನು ವಶಪಡಿಸಿಕೊಂಡು, ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದು ಹಣ ತೆರಬೇಕಾಯಿತು. ೧೮೩೭ನೆಯ ಏಪ್ರಿಲಿನಲ್ಲಿ ದಂಗೆಯೆದ್ದ ಜನ ಮಂಗಳೂರನ್ನೇ ಹಿಡಿದು, ಬಾವುಟಗುಡ್ಡದಲ್ಲಿ ತಮ್ಮ ಬಾವುಟವನ್ನು ಏರಿಸಿ, ಸುಮಾರು ಎರಡು ವಾರ ಪಟ್ಟಣವನ್ನು ಕೈಯಲ್ಲಿರಿಸಿಕೊಂಡರು. ಹೊರಗಿನಿಂದ ಸೈನ್ಯ ತರಿಸಿಕೊಂಡು ಕಂಪೆನಿ ದಂಗೆಯನ್ನು ಅಡಗಿಸಿತು, ನಾಯಕರು ಗಲ್ಲಿಗೇರಿದರು. ಲೂಟಿ, ಪುಂಡಾಟಗಳ ಧ್ವನಿಯುಳ್ಳ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರೇ ಬಹುಕಾಲ ಬಳಕೆಯಲ್ಲಿತ್ತು. ಇಂದು ಅದನ್ನೇ ನಾವು ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆನ್ನುತ್ತೇವೆ. ೨೦೨೨ರಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಅನಾವರಣಗೊಂಡಿತು. ಘಟನೆ ಒಂದೇ, ಹೆಸರು ಬದಲಾದಂತೆ ಅದರ ನ್ಯಾಯಾನ್ಯಾಯವೂ ಬದಲಾಗಿ ಕಂಡಿತು.

ಈಜಿಪ್ಟಿನಲ್ಲಿ ಒಬಾಮ ಅವರ ಸರ್ಕಾರ ಎದುರಿಸಿದ ತೊಡಕು ಇದೇ ಜಾತಿಯದು. ೨೦೧೩ನೆಯ ಜುಲೈ ೩ರಂದು ಚುನಾಯಿತ ಅಧ್ಯಕ್ಷ ಮೊಹಮ್ಮದ್ ಮೊರ್ಸಿ ಅವರನ್ನು ಸೈನ್ಯ ಪದಚ್ಯುತಗೊಳಿಸಿತು. ಅದನ್ನು ಸೈನಿಕ ಕ್ಷಿಪ್ರಕ್ರಾಂತಿ ಎಂದು ಕರೆದಿದ್ದರೆ, ಅಮೆರಿಕದ ಕಾನೂನಿನಂತೆ ಆ ದೇಶಕ್ಕೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಬೇಕಾಗುತ್ತಿತ್ತು. ಸೈನಿಕ ನೆರವಿನ ಮೊತ್ತವೇ ವರ್ಷಕ್ಕೆ ಸುಮಾರು ೧೩೦ ಕೋಟಿ ಡಾಲರು. ಆದ್ದರಿಂದ ಸರ್ಕಾರ ಆ ಪದವನ್ನು ಬಳಸಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಆ ಅಕ್ಟೋಬರಿನಲ್ಲಿ ನೆರವಿನ ಒಂದು ಭಾಗ ತಡೆಯಲ್ಪಟ್ಟಿತು. ೨೦೧೫ನೆಯ ಮಾರ್ಚಿಯಲ್ಲಿ ತಡೆ ತೆಗೆಯಲ್ಪಟ್ಟಿತು. ಈ ಅಳತೆಯಲ್ಲಿ ನೀತಿ ಸೋಲುತ್ತದೆಂದೇ ಹೇಳಬೇಕು.

೩. ಎರಡನೆಯ ಅಳತೆ: ಅಪ್ಪಣೆಯ ಎಲ್ಲೆ

ಬಲಪ್ರಯೋಗಕ್ಕೆ ಯಾರ ಅಪ್ಪಣೆ ದೊರೆಯಿತು, ಕಾರ್ಯ ಆ ಅಪ್ಪಣೆಯ ಎಲ್ಲೆಯೊಳಗೆ ಉಳಿಯಿತೇ ಎಂಬುದು ಎರಡನೆಯ ಪ್ರಶ್ನೆ. ಇದನ್ನು ವಿಶ್ವಸಂಸ್ಥೆಯಲ್ಲಿ ಬಲು ಹಿಂದೆಯೇ ಎದುರಿಸಿದವರಲ್ಲಿ ಮಂಗಳೂರಿನವರೊಬ್ಬರಿದ್ದರು. ೧೮೮೭ರಲ್ಲಿ ಇಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಮುಂದೆ ಭಾರತದ ಸಂವಿಧಾನ ಸಭೆಯ ಸಲಹೆಗಾರರಾದ ಬೆನಗಲ್ ನರಸಿಂಗರಾಯರು ೧೯೫೦ನೆಯ ಜೂನಿನಲ್ಲಿ ಭದ್ರತಾ ಸಮಿತಿಯ ಅಧ್ಯಕ್ಷಸ್ಥಾನದಲ್ಲಿದ್ದರು. ಆ ತಿಂಗಳ ೨೫ರಂದು ಕೊರಿಯದ ಯುದ್ಧ ಆರಂಭವಾಯಿತು. ಉತ್ತರ ಕೊರಿಯ ಹಿಂದೆ ಸರಿಯಬೇಕೆಂಬ ನಿರ್ಣಯದ ಪರವಾಗಿ ಭಾರತ ಮತ ನೀಡಿತು. ಆದರೆ ಸೈನ್ಯವನ್ನು ಅಮೆರಿಕದ ನೇತೃತ್ವಕ್ಕೆ ಒಪ್ಪಿಸಿದ ಜುಲೈ ೭ರ ನಿರ್ಣಯದಲ್ಲಿ ಭಾರತ, ಈಜಿಪ್ಟ್, ಯುಗೊಸ್ಲಾವಿಯಗಳು ತಟಸ್ಥವಾಗಿ ಉಳಿದುವು. ಆಕ್ರಮಣವನ್ನು ಹಿಮ್ಮೆಟ್ಟಿಸಲು ಹೊರಟ ಸೈನ್ಯ ಅಕ್ಟೋಬರಿನಲ್ಲಿ ೩೮ನೆಯ ಅಕ್ಷಾಂಶವನ್ನು ದಾಟಿ ಉತ್ತರಕ್ಕೆ ನುಗ್ಗಿತು. ಇದರಿಂದ ಚೀನ ಯುದ್ಧಕ್ಕೆ ಇಳಿಯುವುದೆಂದು ಭಾರತ ಮುಂಚೆಯೇ ಎಚ್ಚರಿಸಿತ್ತು. ಹಾಗೆಯೇ ಆಯಿತು, ೧೯೫೩ನೆಯ ಜುಲೈಯವರೆಗೆ ಯುದ್ಧ ನಿಲ್ಲಲಿಲ್ಲ.

ಲಿಬಿಯದ ವಿಷಯವನ್ನು ಇದರ ಪಕ್ಕದಲ್ಲಿರಿಸಿ ನೋಡೋಣ. ಭಾರತವು ೨೦೧೧ ಮತ್ತು ೨೦೧೨ರಲ್ಲಿ ಭದ್ರತಾ ಸಮಿತಿಯ ಸದಸ್ಯರಾಷ್ಟ್ರವಾಗಿತ್ತು. ೨೦೧೧ನೆಯ ಫೆಬ್ರವರಿ ೨೬ರಂದು ಗಡಾಫಿಯ ಆಡಳಿತದ ಮೇಲೆ ನಿರ್ಬಂಧ ಹೇರಿದ ೧೯೭೦ನೆಯ ನಿರ್ಣಯಕ್ಕೆ ಅದೂ ಸಮ್ಮತಿಯಿತ್ತಿತು. ಮಾರ್ಚಿ ೧೭ರಂದು ನಾಗರಿಕರ ರಕ್ಷಣೆಗಾಗಿ ಬಲಪ್ರಯೋಗಕ್ಕೆ ಅವಕಾಶ ಕೊಟ್ಟ ೧೯೭೩ನೆಯ ನಿರ್ಣಯಕ್ಕೆ ಹತ್ತು ಮತಗಳು ಬಿದ್ದುವು. ಭಾರತ, ಬ್ರೆಜಿಲ್, ಜರ್ಮನಿ, ರಷ್ಯ, ಚೀನಗಳು ತಟಸ್ಥವಾಗಿ ಉಳಿದುವು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ದೂತರ ವರದಿ ಇನ್ನೂ ಕೈಸೇರಿಲ್ಲ, ಅಲ್ಲಿನ ಸ್ಥಿತಿಯ ಬಗ್ಗೆ ವಿಶ್ವಾಸಾರ್ಹವಾದ ಮಾಹಿತಿ ಸಾಲದು ಎಂಬುದು ಭಾರತ ಕೊಟ್ಟ ಕಾರಣ.

ಬೆಂಗಾಜಿ ನಗರದ ಜನರ ಮೇಲೆ ಗಡಾಫಿಯ ಸೈನ್ಯ ಸಾಗಿಬರುತ್ತಿದ್ದಾಗ ಮಾರ್ಚಿ ೧೯ರಂದು ಆರಂಭವಾದ ವಾಯುದಾಳಿಯನ್ನು ಅಪ್ಪಣೆಯಿಲ್ಲದ ಕಾರ್ಯವೆನ್ನಲಾಗದು. ಆದರೆ ಒಂದು ತಿಂಗಳು ತುಂಬುವ ಮೊದಲೇ, ಗಡಾಫಿ ಅಧಿಕಾರದಲ್ಲಿರುವ ಲಿಬಿಯದ ಭವಿಷ್ಯವನ್ನು ಊಹಿಸಲಾಗದೆಂದು ಒಬಾಮ, ಕ್ಯಾಮರೂನ್, ಸಾರ್ಕೋಜಿ ಮೂವರೂ ಸೇರಿ ಪತ್ರಿಕೆಗಳಲ್ಲಿ ಬರೆದರು. ರಕ್ಷಣೆಗೆಂದು ಪಡೆದ ಅಪ್ಪಣೆ ಆಡಳಿತವನ್ನು ಉರುಳಿಸುವ ಕಾರ್ಯಕ್ಕೆ ಹಿಗ್ಗಿತು. ಅಕ್ಟೋಬರ್ ೨೦ರಂದು ಗಡಾಫಿ ಹತನಾದನು. ಇದು ಲಿಬಿಯದ ೩೮ನೆಯ ಅಕ್ಷಾಂಶ. ಸ್ವದೇಶದ ಅಪ್ಪಣೆಯೂ ಅಷ್ಟು ಸ್ಪಷ್ಟವಾಗಿರಲಿಲ್ಲ. ಶಾಸನಸಭೆಯ ಸಮ್ಮತಿಯಿಲ್ಲದೆ ಯುದ್ಧ ಅರವತ್ತು ದಿನಗಳನ್ನು ಮೀರಬಾರದೆಂಬ ೧೯೭೩ರ ಕಾಯಿದೆ ತಮಗೆ ಅನ್ವಯಿಸದು ಎಂದು ಸರ್ಕಾರ ವಾದಿಸಿತು. ಜೂನ್ ೨೪ರಂದು ಪ್ರತಿನಿಧಿ ಸಭೆ ಸಮ್ಮತಿಯ ಮಸೂದೆಯನ್ನು ೨೯೫ಕ್ಕೆ ೧೨೩ ಮತಗಳಿಂದ ತಳ್ಳಿಹಾಕಿತು.

ಸಿರಿಯದಲ್ಲಿ ಅಧ್ಯಕ್ಷರ ನಡೆ ಬೇರೆಯಾಯಿತು. ವಿಷಾಯುಧದ ಬಳಕೆ ತಮಗೆ ಕೆಂಪು ಗೆರೆ ಎಂದು ಅವರು ೨೦೧೨ನೆಯ ಆಗಸ್ಟಿನಲ್ಲಿ ಹೇಳಿದ್ದರು. ಮರುವರ್ಷ ಆಗಸ್ಟ್ ೨೧ರಂದು ಡಮಾಸ್ಕಸಿನ ಬಳಿಯ ಗೂತಾ ಪ್ರದೇಶದಲ್ಲಿ ವಿಷಾನಿಲ ನೂರಾರು ಜನರನ್ನು ಕೊಂದಿತು. ಆಗ ಅವರು ದಾಳಿಗೆ ಮೊದಲು ಶಾಸನಸಭೆಯ ಸಮ್ಮತಿ ಕೇಳಲು ನಿರ್ಧರಿಸಿದರು. ಅಷ್ಟರಲ್ಲಿ ರಷ್ಯದೊಡನೆ ಒಪ್ಪಂದವಾಗಿ, ಸಿರಿಯದ ವಿಷಾಯುಧಗಳನ್ನು ನಾಶಪಡಿಸಲು ಭದ್ರತಾ ಸಮಿತಿ ಸೆಪ್ಟೆಂಬರ್ ೨೭ರಂದು ನಿರ್ಣಯ ಕೈಗೊಂಡಿತು. ಇದನ್ನು ದೌರ್ಬಲ್ಯವೆಂದು ಹಲವರು ಹಳಿದಿದ್ದಾರೆ. ಆಡಿದ ಮಾತಿನ ಬೆಲೆ ತಗ್ಗಿತೆಂಬುದು ನಿಜ. ಆದರೂ ಅಪ್ಪಣೆಯ ಎಲ್ಲೆಯನ್ನು ಗೌರವಿಸಿದ ದೃಷ್ಟಿಯಿಂದ ಈ ನಡೆ ಲಿಬಿಯಕ್ಕಿಂತ ಮೇಲಾದುದೆಂಬುದು ನಮ್ಮ ಅಭಿಪ್ರಾಯ.

೪. ಮೂರನೆಯ ಅಳತೆ: ಸಮದೃಷ್ಟಿ

ಕೊಡುವಾಗ ಒಂದು ಸೇರು, ಕೊಳ್ಳುವಾಗ ಒಂದು ಸೇರು ಇಟ್ಟುಕೊಂಡ ವರ್ತಕನನ್ನು ಯಾರೂ ನಂಬುವುದಿಲ್ಲ. ೨೦೧೧ನೆಯ ಮಾರ್ಚಿ ೧೪ರಂದು, ಅಂದರೆ ಲಿಬಿಯದ ನಿರ್ಣಯಕ್ಕೆ ಮೂರು ದಿನ ಮೊದಲು, ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಎಮಿರೇಟುಗಳ ಪಡೆಗಳು ಬಹರೈನನ್ನು ಪ್ರವೇಶಿಸಿದುವು. ಮನಾಮದ ಮುತ್ತಿನ ವೃತ್ತದಲ್ಲಿ ನೆರೆದಿದ್ದ ಜನರನ್ನು ಬಲದಿಂದ ಚದುರಿಸಲಾಯಿತು. ವೃತ್ತದ ಸ್ಮಾರಕವೂ ನೆಲಸಮವಾಯಿತು. ಅಮೆರಿಕದ ಐದನೆಯ ನೌಕಾಪಡೆಯ ನೆಲೆಯಿರುವುದು ಅದೇ ಮನಾಮದಲ್ಲಿ. ಮೇ ೧೯ರ ಭಾಷಣದಲ್ಲಿ ಒಬಾಮ ಅವರು ಬಹರೈನಿನ ಬಂಧನಗಳನ್ನು ಟೀಕಿಸಿದರೆಂಬುದನ್ನು ಮರೆಯಬಾರದು. ಒಂದು ಆಯುಧ ಮಾರಾಟವೂ ಕೆಲಕಾಲ ತಡೆಯಲ್ಪಟ್ಟಿತು. ಆದರೆ ಲಿಬಿಯಕ್ಕೆ ಹಿಡಿದ ಅಳತೆಯನ್ನು ಇಲ್ಲಿ ಹಿಡಿಯಲಿಲ್ಲ.

ಈ ಮಾತು ನಮ್ಮನ್ನೂ ತಟ್ಟುತ್ತದೆ. ಬಹರೈನಿನಲ್ಲಿ ಲಕ್ಷಗಟ್ಟಲೆ ಭಾರತೀಯರಿದ್ದಾರೆ. ಅವರಲ್ಲಿ ಕರಾವಳಿಯವರು ಗಣನೀಯವಾಗಿದ್ದು, ಅಲ್ಲಿ ಕನ್ನಡ ಸಂಘವೂ ಇದೆ. ಅಲ್ಲಿನ ಶಾಂತಿ ಕದಡಿದರೆ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಅದರ ಪರಿಣಾಮ ಕಾಣುತ್ತದೆ. ಪಣಂಬೂರಿನ ಬಂದರಿಗೆ ಬರುವ ಕಚ್ಚಾತೈಲದ ಮೇಲೆಯೂ ಕಾಣುತ್ತದೆ. ೧೯೯೦ರಲ್ಲಿ ಕುವೈತನ್ನು ಇರಾಕ್ ಆಕ್ರಮಿಸಿದಾಗ ೧.೭ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಬಹುಮಟ್ಟಿಗೆ ಅಮ್ಮಾನಿನ ಮಾರ್ಗವಾಗಿ ಕರೆತರಬೇಕಾಯಿತು. ಅದನ್ನು ಕಂಡ ಕುಟುಂಬಗಳು ಕೊಲ್ಲಿಯಲ್ಲಿ ಯಾವ ಬದಲಾವಣೆಗಿಂತಲೂ ಶಾಂತಿಯನ್ನೇ ಬಯಸಿದರೆ ಆಶ್ಚರ್ಯವಿಲ್ಲ. ೨೦೧೧ರಲ್ಲಿ ಬಹರೈನಿನ ಬಗ್ಗೆ ದಿಲ್ಲಿಯೂ ಮೃದುವಾಗಿಯೇ ನುಡಿಯಿತು. ನೌಕಾನೆಲೆಗಾಗಿ ಸುಮ್ಮನಿದ್ದ ಅಧ್ಯಕ್ಷರನ್ನು ಆಕ್ಷೇಪಿಸುವ ನಾವು, ಮಕ್ಕಳು ಮನೆಗೆ ಕಳುಹಿಸುವ ಹಣಕ್ಕಾಗಿ ಸುಮ್ಮನಿರುವ ನಮ್ಮನ್ನು ಯಾವ ಸೇರಿನಿಂದ ಅಳೆಯುತ್ತೇವೆ? ಎರಡೂ ಮೌನಗಳ ತೂಕ ಒಂದೇ ಅಲ್ಲವೆಂದು ವಾದಿಸಬಹುದು: ಒಂದು ಆಯುಧವುಳ್ಳವನ ಮೌನ, ಇನ್ನೊಂದು ಕೂಲಿಗೆ ಹೋದವನ ಮೌನ. ಈ ವಾದದಲ್ಲಿ ಸತ್ತ್ವವಿದೆ. ಆದರೆ ಅದನ್ನು ಬಾಯಿಬಿಟ್ಟು ಆಡಿ ಸಮರ್ಥಿಸಬೇಕೇ ಹೊರತು, ನಮ್ಮ ಮೌನ ಮೌನವೇ ಅಲ್ಲವೆಂಬಂತೆ ಮುಂದೆ ಸಾಗಬಾರದು.

೫. ನಾಲ್ಕನೆಯ ಅಳತೆ: ಮರುದಿನದ ಹೊಣೆ

ಆಡಳಿತ ಉರುಳಿದ ಮರುದಿನ ಆ ದೇಶದ ಗತಿಯೇನು? ೨೦೧೨ನೆಯ ಸೆಪ್ಟೆಂಬರ್ ೧೧ರಂದು ಅಮೆರಿಕ ರಕ್ಷಿಸಿದ ಬೆಂಗಾಜಿಯಲ್ಲಿಯೇ ಅದರ ರಾಯಭಾರಿ ಕೊಲೆಯಾದರು. ತರುವಾಯ ಲಿಬಿಯ ಎರಡು ಸರ್ಕಾರಗಳಾಗಿ ಒಡೆಯಿತು. ಗಡಾಫಿಯ ನಂತರದ ಸ್ಥಿತಿಗೆ ಸಿದ್ಧತೆ ಮಾಡದೆ ಹೋದುದೇ ಪ್ರಾಯಶಃ ತಮ್ಮ ಅಧಿಕಾರಾವಧಿಯ ಅತಿ ದೊಡ್ಡ ತಪ್ಪು ಎಂದು ಒಬಾಮ ಅವರೇ ೨೦೧೬ರಲ್ಲಿ ಒಪ್ಪಿಕೊಂಡರು. ಕೈಹಾಕದೆ ಉಳಿದುದರಿಂದಲೂ ಸಿರಿಯಕ್ಕೆ ಸುಖ ದೊರೆಯಲಿಲ್ಲ. ಅಲ್ಲಿನ ಅಂತರ್ಯುದ್ಧ ಲಕ್ಷಾಂತರ ಪ್ರಾಣಗಳನ್ನು ಬಲಿತೆಗೆದುಕೊಂಡು, ೨೦೨೪ನೆಯ ಡಿಸೆಂಬರ್ ೮ರಂದು ಅಸ್ಸಾದರ ಆಡಳಿತ ಬೀಳುವವರೆಗೆ ನಡೆಯಿತು. ಯೆಮೆನಿನಲ್ಲಿ ೨೦೧೫ನೆಯ ಮಾರ್ಚಿಯಿಂದ ಸೌದಿ ಒಕ್ಕೂಟ ನಡೆಸಿದ ಯುದ್ಧಕ್ಕೆ ಅಮೆರಿಕ ಸಾಮಗ್ರಿ ಮತ್ತು ಗುಪ್ತ ಮಾಹಿತಿಗಳ ನೆರವಿತ್ತಿತು.

ಮರುದಿನದ ಹೊಣೆಯಲ್ಲಿ ಒಂದಂಶ ನಮ್ಮ ಪಾಲಿಗೂ ಬಂದಿತು. ಲಿಬಿಯದಿಂದ ೧೫,೦೦೦ಕ್ಕೂ ಹೆಚ್ಚು ಭಾರತೀಯರನ್ನು ೨೦೧೧ರಲ್ಲಿ ಕರೆತರಲಾಯಿತು. ಆ ಕಾರ್ಯಕ್ಕೆ ಕಳುಹಿಸಿದ ಯುದ್ಧನೌಕೆಗಳಲ್ಲಿ ‘ಮೈಸೂರು’ ಎಂಬ ಹೆಸರಿನದೂ ಒಂದು. ೨೦೧೫ರಲ್ಲಿ ಯೆಮೆನಿನಿಂದ ೪,೬೦೦ಕ್ಕೂ ಹೆಚ್ಚು ಭಾರತೀಯರನ್ನೂ ಸುಮಾರು ೯೬೦ ಮಂದಿ ಪರದೇಶೀಯರನ್ನೂ ಪಾರುಮಾಡಲಾಯಿತು. ದೂರದ ರಾಜಧಾನಿಯಲ್ಲಿ ಕೈಗೊಂಡ ನಿರ್ಣಯದ ಬೆಲೆಯನ್ನು, ಅದರಲ್ಲಿ ಪಾಲಿಲ್ಲದ ಕೂಲಿಕಾರನೂ ದಾದಿಯೂ ತೆರಬೇಕಾಗುತ್ತದೆ.

೬. ಉಪಸಂಹಾರ

ಈ ನಾಲ್ಕು ಅಳತೆಗಳನ್ನು ಹಿಡಿದು ನೋಡಿದಾಗ ಒಬಾಮ ಅವರ ನೀತಿ ಪೂರ್ತಿ ಮೆಚ್ಚಿಕೆಗೂ ಪೂರ್ತಿ ತಿರಸ್ಕಾರಕ್ಕೂ ಒಳಗಾಗುವುದಿಲ್ಲ. ಬೆಂಗಾಜಿಯನ್ನು ರಕ್ಷಿಸಿದುದು ಸಮರ್ಥನೀಯ. ಅಪ್ಪಣೆಯ ಎಲ್ಲೆ ಮೀರಿದುದೂ ಮರುದಿನಕ್ಕೆ ಸಿದ್ಧರಾಗದೆ ಹೋದುದೂ ಅಸಮರ್ಥನೀಯ. ಸಿರಿಯದಲ್ಲಿ ಮಾತು ಮುಂದಾಯಿತು, ವಿಧಾನ ಸರಿಯಾಗಿತ್ತು. ಈಜಿಪ್ಟಿನಲ್ಲಿ ಹೆಸರನ್ನು ನುಂಗಿಕೊಂಡರು. ಬಹರೈನಿನಲ್ಲಿ ಸೇರನ್ನು ಬದಲಿಸಿದರು.

ಭಾರತದ ತಟಸ್ಥ ಮತಕ್ಕೂ ಇದೇ ಪರೀಕ್ಷೆ ಸಲ್ಲಬೇಕು. ಅಪ್ಪಣೆ ಹಿಗ್ಗುವುದೆಂಬ ಶಂಕೆ ಮುಂದೆ ನಿಜವಾಯಿತೆಂಬುದು ನಮ್ಮ ಪಕ್ಷಕ್ಕೆ ಬಲ. ಆದರೆ ಬೆಂಗಾಜಿಯ ಜನರನ್ನು ಬೇರೆ ಯಾವ ಉಪಾಯದಿಂದ ಉಳಿಸಬಹುದಾಗಿತ್ತು ಎಂಬ ಪ್ರಶ್ನೆಗೆ ತಟಸ್ಥ ಮತದಲ್ಲಿ ಉತ್ತರವಿಲ್ಲ. ಚರ್ಚಾಕೂಟದಲ್ಲಿ ಈ ವಿಷಯವನ್ನು ಎತ್ತಿಕೊಳ್ಳುವ ವಿದ್ಯಾರ್ಥಿ ಅಮೆರಿಕದ ಅಧ್ಯಕ್ಷರನ್ನು ಪ್ರಶ್ನಿಸಿದ ಮೇಲೆ ಈ ಪ್ರಶ್ನೆಗೂ ಉತ್ತರ ಹೇಳಲು ಸಿದ್ಧನಾಗಿರಬೇಕು. ಹಾಗಾದಾಗ ಮಾತ್ರ ಪರರ ನೀತಿಯ ವಿಮರ್ಶೆ ನಮ್ಮ ವಿವೇಕವನ್ನು ಬೆಳೆಸುವ ಶಿಕ್ಷಣವಾದೀತು.