ಟಿಬೆಟನ್ ಗ್ರಂಥಗಳ ಸಂಕೇತಸಹಿತ ಕಡತಗಳು: ಸರಳ ಪಠ್ಯಕ್ಕೆ ಪರಿವರ್ತನೆ

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಗುರುಪುರ ಹಾಗೂ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ನೆಲೆಗಳು ಪ್ರಾಚೀನ ಬೌದ್ಧ ಗ್ರಂಥಗಳ ಅಧ್ಯಯನಕ್ಕೆ ಹೆಸರಾಗಿವೆ. ಗುರುಪುರದ ರಬ್‌ಗ್ಯೇಲಿಂಗ್ ನೆಲೆಯು 1972ರಲ್ಲಿ ಸ್ಥಾಪಿತವಾಗಿದ್ದು, ಗ್ಯೂಮೆ ತಾಂತ್ರಿಕ ವಿಹಾರವು ಇಲ್ಲಿದೆ; ಸೇರಾ ವಿಹಾರವು ಬೈಲಕುಪ್ಪೆಯಲ್ಲಿದೆ. ಉದ್ದನೆಯ ಬಿಡಿ ಹಾಳೆಗಳ ಎರಡೂ ಬದಿಗಳಲ್ಲಿ ಮರದ ಅಚ್ಚಿನಿಂದ ಮುದ್ರಿತವಾದ ಇಲ್ಲಿನ ಗ್ರಂಥಗಳಿಗೆ 'ಪೆಚಾ' ಎಂದು ಹೆಸರು. ಹೊಲಿಗೆಯಿಲ್ಲದ ಇವು ಆಕಾರದಲ್ಲಿ ಓಲೆಗರಿಯ ಕಟ್ಟುಗಳನ್ನು ಹೋಲುತ್ತವೆ.

ಈ ಗ್ರಂಥಗಳನ್ನು ಗಣಕಯಂತ್ರಕ್ಕೆ ಊಡಿಸುವ ಕಾರ್ಯವನ್ನು 1987ರಲ್ಲಿ ಆರಂಭಗೊಂಡ ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಕೈಗೊಂಡಿತು. ಸೇರಾದ ಮೇ ವಿದ್ಯಾಲಯದಲ್ಲಿ ಇದರ ಊಡಿಕೆ ಕೇಂದ್ರವಿತ್ತು. ಯೂನಿಕೋಡ್‌ನಲ್ಲಿ ಟಿಬೆಟನ್ ಲಿಪಿಗೆ ಸ್ಥಿರವಾದ ಸ್ಥಾನ ದೊರೆತುದು 1996ರಲ್ಲಿ. ಆದುದರಿಂದ ಪಠ್ಯವನ್ನು ರೋಮನ್ ಅಕ್ಷರಗಳಲ್ಲಿಯೇ ಊಡಿಸಲಾಯಿತು. ಒಂದೇ ಗ್ರಂಥವನ್ನು ಇಬ್ಬರು ಪ್ರತ್ಯೇಕವಾಗಿ ಊಡಿಸಿ, ಎರಡು ಪ್ರತಿಗಳನ್ನು ತಂತ್ರಾಂಶದಿಂದ ಹೋಲಿಸಿ ದೋಷಗಳನ್ನು ಪತ್ತೆಹಚ್ಚುವುದು ಅನುಸರಿಸಿದ ಕ್ರಮ.

ಕಡತದಲ್ಲಿ ಪಠ್ಯದೊಡನೆ ಕೆಲವು ಸರಳ ಸಂಕೇತಗಳೂ ಇರುತ್ತವೆ. @ ಚಿಹ್ನೆಯ ಮುಂದೆ ಹಾಳೆಯ ಸಂಖ್ಯೆ, ಅನಂತರ ಮುಂಬದಿಗೆ 'ಎ', ಹಿಂಬದಿಗೆ 'ಬಿ' ಎಂಬ ರೋಮನ್ ಅಕ್ಷರ ಬರುತ್ತದೆ. ಊಡಿಸುವವರ ಟಿಪ್ಪಣಿ ಹಾಗೂ ಶಂಕಿತ ತಿದ್ದುಪಡಿಗಳು [ ] ಆವರಣದಲ್ಲಿರುತ್ತವೆ. ಇವನ್ನು ತೆಗೆದರೆ ಓದಲು, ಹುಡುಕಲು ಅನುಕೂಲವಾದ ಸರಳ ಪಠ್ಯ ದೊರೆಯುತ್ತದೆ. ಸಾಲಿನ ಕೊನೆಯನ್ನು ತೆಗೆಯುವಾಗ ಆ ಸ್ಥಳದಲ್ಲಿ ಒಂದು ತೆರಪನ್ನು ಉಳಿಸತಕ್ಕದ್ದು. ಇಲ್ಲವಾದರೆ ಎರಡು ಉಚ್ಚಾರಾಂಶಗಳು ಕೂಡಿಕೊಳ್ಳುತ್ತವೆ.

ಆದರೆ ಚಿಹ್ನೆಯಂತೆ ತೋರುವುದೆಲ್ಲವೂ ಸಂಕೇತವಲ್ಲ. ತೊಡಕು ಇರುವುದು ಇಲ್ಲಿಯೇ. ಈ ಪದ್ಧತಿಯಲ್ಲಿ ' ಎಂಬುದು ಉದ್ಧರಣ ಚಿಹ್ನೆಯಲ್ಲ, ಟಿಬೆಟನ್ ವರ್ಣಮಾಲೆಯ ಒಂದು ಅಕ್ಷರ. ಸಂತೋಷ ಎಂಬ ಅರ್ಥದ 'ಗ' ಎಂದು ಉಚ್ಚರಿಸುವ ಪದದ ಕೊನೆಯಲ್ಲಿ ಈ ಅಕ್ಷರವಿದೆ. ಅದನ್ನು ಕೈಬಿಟ್ಟರೆ ಉಳಿಯುವುದು 'ದಗ್' ಎಂಬ ಬಹುವಚನ ಸೂಚಕ. ಅಂತೆಯೇ ರೋಮನ್ನಿನ ಜಿ ಮತ್ತು ವೈ ಅಕ್ಷರಗಳ ನಡುವಿನ ಅಡ್ಡಗೆರೆಯು, ಅವೆರಡೂ ಒತ್ತಕ್ಷರವಾಗಿ ಕೂಡಬಾರದೆಂದು ಸೂಚಿಸುತ್ತದೆ. ಅದನ್ನು ಅಳಿಸಿದರೆ ಹಿಮಾಲಯದ ಯಾಕ್ ಪ್ರಾಣಿಯ ಹೆಸರು 'ಗ್ಯಗ್' ಆಗಿಬಿಡುತ್ತದೆ. ತಪ್ಪಾದ ಪದವೂ ತೆರೆಯ ಮೇಲೆ ಶುದ್ಧ ಟಿಬೆಟನ್ನಿನಂತೆಯೇ ಕಾಣುವುದರಿಂದ ಲಿಪಿ ಬಾರದವರಿಗೆ ಇದು ಗೋಚರಿಸುವುದಿಲ್ಲ.

ತಂತ್ರ ಗ್ರಂಥಗಳಲ್ಲಿ ಅಪಾಯ ಇನ್ನೂ ಹೆಚ್ಚು. ಇವುಗಳಲ್ಲಿ ಸಂಸ್ಕೃತ ಮಂತ್ರಗಳು ಟಿಬೆಟನ್ ಲಿಪಿಯಲ್ಲಿಯೇ ಬರುತ್ತವೆ. ಸಾಮಾನ್ಯ ಪಠ್ಯವು ದೊಡ್ಡ ರೋಮನ್ ಅಕ್ಷರಗಳಲ್ಲಿದ್ದರೆ, ಸಂಸ್ಕೃತದ ಟ, ಡ, ಣ ಮುಂತಾದವುಗಳನ್ನು ಸಣ್ಣ ಅಕ್ಷರಗಳಿಂದ ಗುರುತಿಸಲಾಗಿದೆ. ತಂತ್ರಾಂಶವು ಎಲ್ಲವನ್ನೂ ಒಂದೇ ಗಾತ್ರಕ್ಕೆ ತಂದರೆ 'ಪಂಡಿತ'ನು 'ಪಂದಿತ'ನಾಗುತ್ತಾನೆ. ಹಳೆಯ ಕನ್ನಡ ಫಾಂಟುಗಳ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವತ್ತು ಸ್ಥಾನಪಲ್ಲಟಗೊಂಡುದನ್ನು ಕಂಡವರಿಗೆ ಇದು ಹೊಸ ಸಂಗತಿಯೇನಲ್ಲ.

ಸಾಮಾನ್ಯ ಹುಡುಕು-ಬದಲಿಸು ಸೌಲಭ್ಯದಿಂದ ಇಂತಹ ಕಡತಗಳನ್ನು ಶುಚಿಗೊಳಿಸುವುದು ಸೂಕ್ತವಲ್ಲ. ಟಿಬೆಟನ್ ಮತ್ತು ಹಿಮಾಲಯನ್ ಗ್ರಂಥಾಲಯ ಯೋಜನೆಯ ಪರಿವರ್ತಕದಂತಹ, ಈ ಪದ್ಧತಿಗೆಂದೇ ರೂಪಿಸಿದ ತಂತ್ರಾಂಶವನ್ನು ಬಳಸಬೇಕು. ಇದು ಪಠ್ಯವನ್ನು ಉಚ್ಚಾರಾಂಶಗಳಾಗಿ ಬಿಡಿಸಿ, ಟಿಬೆಟನ್ ಕಾಗುಣಿತದ ನಿಯಮಕ್ಕೆ ಹೋಲಿಸಿ, ಸಂದೇಹವಿರುವೆಡೆ ಎಚ್ಚರಿಕೆಯನ್ನು ನೀಡುತ್ತದೆ. ಎಚ್ಚರಿಕೆಗಳು ಹೆಚ್ಚಾದವೆಂದು ಅವನ್ನು ನಿಷ್ಕ್ರಿಯಗೊಳಿಸುವುದು ಸುಲಭ. ಆದರೆ ಪರಿವರ್ತನೆಯ ನಿಜವಾದ ಕೆಲಸವಿರುವುದು ಅವುಗಳಲ್ಲಿಯೇ.

ಹಾಳೆ ಸಂಖ್ಯೆಯ ಸಂಕೇತಗಳಿಗೆ ಸಂಬಂಧಿಸಿದಂತೆ ಒಂದು ಅಂಶವನ್ನು ಗಮನಿಸಬೇಕು. ವಿದ್ವಾಂಸರು ಪೆಚಾಗಳನ್ನು ಉಲ್ಲೇಖಿಸುವುದು ಹಾಳೆ ಹಾಗೂ ಬದಿಯ ಮೂಲಕ. ಸರಳ ಪಠ್ಯ ಮಾತ್ರ ಉಳಿದಲ್ಲಿ, ಒಂದು ವಾಕ್ಯವು ಮೂಲದ ಯಾವ ಹಾಳೆಯಲ್ಲಿದೆ ಎಂದು ತಿಳಿಯಲು ಕಟ್ಟನ್ನೇ ಬಿಚ್ಚಿ ಹುಡುಕಬೇಕಾಗುತ್ತದೆ. ಆದುದರಿಂದ ಸಂಕೇತಸಹಿತ ಕಡತವನ್ನೇ ಮೂಲಪ್ರತಿಯಾಗಿ ಕಾಪಾಡಿಕೊಂಡು, ತಿದ್ದುಪಡಿಗಳನ್ನು ಅದರಲ್ಲಿಯೇ ಮಾಡಿ, ಸರಳ ಪಠ್ಯವನ್ನು ಪ್ರತಿ ಬಾರಿಯೂ ಅದರಿಂದ ಹೊಸದಾಗಿ ಪಡೆಯತಕ್ಕದ್ದು. ಪರಿವರ್ತಿತ ಪಠ್ಯದ ಕೆಲವು ಹಾಳೆಗಳನ್ನು, ವಿಶೇಷವಾಗಿ ಮಂತ್ರಗಳಿರುವ ಹಾಳೆಗಳನ್ನು, ಲಿಪಿ ಬಲ್ಲವರೊಬ್ಬರು ಪೆಚಾದೊಡನೆ ತಾಳೆ ನೋಡಿದ ನಂತರವೇ ವಿತರಿಸುವುದು ಉಚಿತ.