ತೆಂಗಿನ ಗರಿಯ ಶತ್ರುಮಿತ್ರರು

ಹಾಸನ ಜಿಲ್ಲೆಯ ಪೂರ್ವಭಾಗವು ತೆಂಗಿನ ಸೀಮೆ. ಚನ್ನರಾಯಪಟ್ಟಣದ ಸುತ್ತ ತೋಟಗಳು ಹಬ್ಬಿಕೊಂಡಿವೆ. ಹೊಳೆನರಸೀಪುರ, ಅರಕಲಗೂಡುಗಳ ಕಡೆಯೂ ಹಿತ್ತಲಿನಲ್ಲಿ, ಹೊಲದ ಬದುವಿನಲ್ಲಿ ನಾಲ್ಕಾರು ಮರಗಳಿರುವುದು ಸಾಮಾನ್ಯ. ಮಳೆ ಕೈಕೊಟ್ಟು ರಾಗಿ ಕೈಸೇರದ ವರ್ಷ ಕೊಬ್ಬರಿಯ ಹಣದಿಂದಲೇ ಸಂಸಾರ ತೂಗಿಸುವ ರೈತರು ಇಲ್ಲಿ ಅನೇಕರು. ಅಂಥ ತೋಟ ಬೇಸಗೆಯಲ್ಲಿ ಬೆಂಕಿ ತಗುಲಿದಂತೆ ಕಂದಿದಾಗ ನೀರಿನ ಕೊರತೆಯೆಂದು ಭಾವಿಸುವುದುಂಟು. ಆದರೆ ಬಾಡಿದ ಗರಿಯೊಂದನ್ನು ಮಗುಚಿ ನೋಡಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ.

ಗರಿಯ ಅಡಿಯಲ್ಲಿ ಕಿರಿದಾದ ಸುರಂಗಗಳಿರುತ್ತವೆ. ಕಪ್ಪು ತಲೆಯ ಹುಳು ತನ್ನ ಹಿಕ್ಕೆಯನ್ನೇ ರೇಷ್ಮೆಯಂಥ ಎಳೆಯಿಂದ ಬೆಸೆದು ಕಟ್ಟಿಕೊಂಡ ಮನೆಗಳಿವು. ಇದರ ಶಾಸ್ತ್ರೀಯ ನಾಮ ಒಪಿಸಿನಾ ಅರೆನೊಸೆಲ್ಲಾ. ಬೂದುಬಣ್ಣದ ಸಣ್ಣ ಪತಂಗವು ಗರಿಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಸುಮಾರು 40 ದಿನ ಸುರಂಗದೊಳಗಿದ್ದು ಗರಿಯ ಹಸುರನ್ನು ಕೆರೆದು ತಿನ್ನುತ್ತದೆ. ಮೇಲಿನ ತೆಳುಪೊರೆಯೊಂದೇ ಉಳಿಯುತ್ತದೆ. ಎಲೆಯ ಹಸುರೇ ಮರದ ಅಡುಗೆಮನೆಯಾದುದರಿಂದ ಹಾನಿ ಆ ವರ್ಷಕ್ಕೇ ಮುಗಿಯುವುದಿಲ್ಲ. ಹಾವಳಿ ತೀವ್ರವಾದಲ್ಲಿ ಮರುವರ್ಷದ ಇಳುವರಿ ಶೇಕಡಾ 45ರಷ್ಟು ಕುಸಿಯುವುದುಂಟು.

ಎತ್ತರದ ಮರದ ತುದಿಗೆ, ಅದೂ ಗರಿಯ ಅಡಿಯ ಸುರಂಗದೊಳಕ್ಕೆ, ಔಷಧ ಮುಟ್ಟಿಸುವುದು ಸುಲಭವಲ್ಲ. ಮುಟ್ಟಿಸಿದರೂ ಅದು ಹುಳುವಿಗೆ ಮುಂಚೆ ಅದರ ಶತ್ರುವನ್ನು ಕೊಲ್ಲಬಹುದು. ಆ ಶತ್ರುವೆಂದರೆ ಗೋನಿಯೋಜಸ್ ಎಂಬ ಕಪ್ಪು ಬಣ್ಣದ, ಇರುವೆಯಷ್ಟೇ ಗಾತ್ರದ ಕಣಜ.

ಇಷ್ಟು ಚಿಕ್ಕ ಜೀವಿ ವಿಶಾಲವಾದ ತೋಟದಲ್ಲಿ ಅಡಗಿದ ಹುಳುವನ್ನು ಪತ್ತೆಹಚ್ಚುವುದು ವಾಸನೆಯಿಂದ. ಹುಳುವನ್ನು ಕಣ್ಣಿಗೆ ಕಾಣದಂತೆ ಮರೆಮಾಡುವ ಹಿಕ್ಕೆಯ ಗೋಡೆಯೇ ಕಣಜಕ್ಕೆ ಅದರ ವಿಳಾಸವನ್ನು ಹೇಳಿಬಿಡುತ್ತದೆ! ಸುರಂಗವನ್ನು ಹೊಕ್ಕ ಹೆಣ್ಣು ಕಣಜ ಬೆಳೆದ ಹುಳುವನ್ನು ಕುಟುಕಿ ನಿಶ್ಚೇಷ್ಟಿತಗೊಳಿಸಿ, ಅದರ ಮೈಮೇಲೆ ಮೊಟ್ಟೆಗಳನ್ನಿಡುತ್ತದೆ. ಅನಂತರ ಅದು ಹಾರಿಹೋಗುವುದಿಲ್ಲ. ಮರಿಗಳು ಹುಳುವಿನ ರಸವನ್ನು ಹೀರಿ ಬೆಳೆಯುವವರೆಗೆ ಅಲ್ಲಿಯೇ ಕಾವಲಿರುತ್ತದೆ. ಕೀಟಲೋಕದಲ್ಲಿ ಇಂಥ ತಾಯ್ತನ ವಿರಳ.

ವಾಸನೆಯ ಈ ವ್ಯವಹಾರ ತೆಂಗಿಗೆ ಮಾತ್ರ ಸೀಮಿತವಲ್ಲ. ಯೂರೋಪಿನ ಪೈನ್ ಮರಗಳಿಗೆ ಗರಗಸದ ನೊಣವೆಂಬ ಕೀಟದ ಕಾಟವಿದೆ. ಹೆಸರು ನೊಣವಾದರೂ ಅದು ಕಣಜದ ಬಳಗದ್ದು. ಗರಗಸದಂಥ ಅಂಗದಿಂದ ಪೈನ್ ಎಲೆಯನ್ನು ಸೀಳಿ ಮೊಟ್ಟೆಯಿಡುತ್ತದೆ. ಅದರ ಕೆಲವು ಜಾತಿಗಳ ಮರಿಗಳು ಮರದ ರಾಳವನ್ನೇ ಹೊಟ್ಟೆಯ ಚೀಲಗಳಲ್ಲಿ ಕೂಡಿಟ್ಟು, ವೈರಿ ಬಂದಾಗ ಉಗುಳುತ್ತವೆ. ಮರ ತನ್ನ ರಕ್ಷಣೆಗೆ ಸೃಷ್ಟಿಸಿಕೊಂಡ ಆಯುಧ ಹೀಗೆ ಶತ್ರುವಿನ ಕೈಸೇರುತ್ತದೆ. ಮರವೂ ಸುಮ್ಮನಿರುವುದಿಲ್ಲ. ಮೊಟ್ಟೆಯಿಟ್ಟ ಮೇಲೆ ಎಲೆಯ ಗಂಧವು ಬದಲಾಗಿ, ಆ ಮೊಟ್ಟೆಗಳನ್ನು ನಾಶಪಡಿಸುವ ಸೂಕ್ಷ್ಮ ಕಣಜವನ್ನು ಕರೆಯುತ್ತದೆಂದು ಜರ್ಮನಿಯ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು.

ನಮ್ಮ ತೆಂಗಿನ ಹುಳುವಿನ ಹಿಕ್ಕೆಯ ವಾಸನೆಯಂತೂ ರೈತರ ಉಪಯೋಗಕ್ಕೂ ಬಂದಿದೆ. ಗೋನಿಯೋಜಸ್ ಕಣಜಗಳನ್ನು ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಹುಳುಗಳ ಮೇಲೆ ಸಾಕುತ್ತಾರೆ. ಆದರೆ ಅಲ್ಲಿ ಹುಟ್ಟಿದ ಕಣಜಕ್ಕೆ ತೆಂಗಿನ ತೋಟದ ಪರಿಚಯವಿರುವುದಿಲ್ಲ. ಆದುದರಿಂದ ಬಿಡುಗಡೆಗೆ ಮುನ್ನ ಅವುಗಳಿಗೆ ಜೇನು ಉಣಿಸಿ, ಹುಳುವಿನ ಸುರಂಗದ ವಾಸನೆಯನ್ನು ತೋರಿಸಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಲಹೆ ನೀಡುತ್ತದೆ. ಕಾಲವನ್ನೂ ನೋಡಿಕೊಳ್ಳಬೇಕು. ತೋಟದ ಹುಳುಗಳೆಲ್ಲ ಹೆಚ್ಚುಕಡಮೆ ಒಂದೇ ವಯಸ್ಸಿನವಾಗಿರುತ್ತವೆ. ಎಳೆಯ ಹುಳು ಕಣಜಕ್ಕೆ ಒಗ್ಗದು, ಕೋಶವಾದ ಮೇಲೆ ಬಿಟ್ಟರೆ ಪ್ರಯೋಜನವಿಲ್ಲ. ಹೆಚ್ಚು ಹಾನಿಗೊಂಡ ಕೆಳಗಿನ ಗರಿಗಳನ್ನು ಮೊದಲು ಕಡಿದು ಸುಟ್ಟು, ಹುಳುಗಳು ಬಲಿತಿರುವುದನ್ನು ಗರಿ ಮಗುಚಿ ಖಚಿತಪಡಿಸಿಕೊಂಡು, ಕಣಜಗಳನ್ನು ಮರದಲ್ಲಿ ಬಿಡುತ್ತಾರೆ. ಉಳಿದ ದಾರಿಯನ್ನು ಅವು ವಾಸನೆ ಹಿಡಿದು ತಾವೇ ಕಂಡುಕೊಳ್ಳುತ್ತವೆ.