ಮರದ ಮೈಮೇಲಿನ ಕಲ್ಲುಹೂವು



ತೆಂಗಿನ ಮರದ ಮೇಲೋ, ಬದುವಿನ ಹುಣಸೆಯ ತೊಗಟೆಯಲ್ಲೋ ಬೂದಿಬಣ್ಣದ, ನಸುಹಸಿರಿನ ಮಚ್ಚೆಗಳನ್ನು ನೀವು ಕಂಡೇ ಇರುತ್ತೀರಿ. "ಮರಕ್ಕೆ ತೊನ್ನು ಹತ್ತೈತೆ" ಅಂತ ಕುಡುಗೋಲಿನಿಂದ ಕೆರೆದುಹಾಕುವವರೂ ಉಂಟು. ಆದರೆ ಇದು ರೋಗವಲ್ಲ. ಇದು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವೂ ಇದೇ ಬಳಗದ್ದು.

ಕಲ್ಲುಹೂವೆಂದರೆ ಎರಡು ಜೀವಗಳ ಕೂಡುಬಾಳು. ಶಿಲೀಂಧ್ರ ಮನೆ ಕಟ್ಟಿ ತೇವ ಹಿಡಿದಿಡುತ್ತದೆ. ಒಳಗಿರುವ ಪಾಚಿ ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತದೆ. ಮರದಿಂದ ಇದಕ್ಕೆ ಬೇಕಾದ್ದು ಜಾಗ ಮಾತ್ರ. ಮರದ ರಸ ಹೀರುವುದಿಲ್ಲ. ಬೇರಿಲ್ಲದ್ದರಿಂದ ಮಳೆ, ಮಂಜು, ಗಾಳಿ ತಂದದ್ದನ್ನೆಲ್ಲ ಮೈಯಿಂದಲೇ ಹೀರುತ್ತದೆ. ಒಳ್ಳೆಯದರ ಜೊತೆಗೆ ಹೊಗೆ, ಧೂಳೂ ಒಳಸೇರುತ್ತವೆ. 1866ರಷ್ಟು ಹಿಂದೆಯೇ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ ನಗರದ ಕಲ್ಲುಹೂವುಗಳನ್ನು ನೋಡಿ, ಇವು ಗಾಳಿಯ ಶುದ್ಧಿಗೆ ಅಳತೆಗೋಲು ಎಂದು ತಿಳಿಸಿದನು.

ಇನ್ನು ನಮ್ಮ ಸೀಮೆಗೆ ಬರೋಣ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕನ್ನಂಬಾಡಿ ನಾಲೆಯ ನೀರು ಹರಿದು ಭತ್ತ, ಕಬ್ಬು ಬಂದವು. ನಾಗಮಂಗಲ, ಕೃಷ್ಣರಾಜಪೇಟೆಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರುಳಿ, ನಡುನಡುವೆ ತೆಂಗು, ಅರೆಬಂಡೆ. ವರ್ಷವಿಡೀ ಉತ್ತು ಬಿತ್ತುವ ಬಯಲಿನಲ್ಲಿ ಕಲ್ಲುಹೂವಿಗೆ ನೆಲೆಯಿಲ್ಲ. ಅಲ್ಲಿ ಬದುವಿನ ಮರ, ಹಳೆಯ ತೋಪುಗಳೇ ಅದರ ಆಸರೆ. ಮರ ಹೋದರೆ ಅದೂ ಹೋಯಿತು.

ಮರವೆಂದರೆ ಎಲ್ಲವೂ ಒಂದೇ ಅಲ್ಲ. ಒರಟು ತೊಗಟೆಯ ಮಾವಿನಲ್ಲಿ ಒಂದು ಬಗೆ, ನಯವಾದ ಅಡಿಕೆಯಲ್ಲಿ ಇನ್ನೊಂದು. ತೊಗಟೆ ಕಳಚುತ್ತಲೇ ಇರುವ ನೀಲಗಿರಿಯಲ್ಲಿ ಅದು ನೆಲೆಗೊಳ್ಳುವುದೇ ಕಷ್ಟ. ಕುಂತಿಬೆಟ್ಟ, ಕರಿಘಟ್ಟಗಳಂಥ ಕಡೆ ಬಂಡೆಯ ಮೇಲೆ ಬೆಳೆಯುವುವೇ ಬೇರೆ. ಬಂಡೆಗೆ ಅಂಟಿದ ಅನೇಕ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹಬ್ಬುವುದಿಲ್ಲ. ಅಂಗೈಯಗಲದ ಒಂದು ಮಚ್ಚೆ ನಿಮ್ಮ ಅಜ್ಜನ ಕಾಲದ್ದಿರಬಹುದು. ಬೇಬಿಬೆಟ್ಟದ ಆಸುಪಾಸಿನಲ್ಲಿ ಕಲ್ಲು ಒಡೆದದ್ದನ್ನು ನೀವು ಬಲ್ಲಿರಿ. ಹಾಗೆ ಒಡೆದ ಕಲ್ಲಿಗೆ ಆ ಹೂವು ನಮ್ಮ ಕಾಲದಲ್ಲಿ ಮರಳಲಾರದು.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಒಂದೇ ಜಾತಿಯ, ಒಂದೇ ವಯಸ್ಸಿನ ಮೂರು ಮರ ಆರಿಸಿ: ದೊಡ್ಡ ರಸ್ತೆಯ ಬದಿ ಒಂದು, ಆಲೆಮನೆಯ ಬಳಿ ಒಂದು, ಬೆಟ್ಟದ ತಪ್ಪಲಲ್ಲಿ ಒಂದು. ತೊಗಟೆಗೆ ಅಂಟಿದ ಹಕ್ಕಳೆಯಂಥದು, ಎಲೆಯಂತೆ ಅಂಚು ಎದ್ದದ್ದು, ಪುಟ್ಟ ಪೊದೆಯಂತೆ ಜೋತದ್ದು, ಹೀಗೆ ಮೂರು ರೂಪಗಳಿವೆ. ಎಲ್ಲಿ ಎಷ್ಟು ಬಗೆ ಎಂದು ಎಣಿಸಿ. ಪೊದೆಯಂಥವು ಸಾಮಾನ್ಯವಾಗಿ ಹೊಗೆಯನ್ನು ತಾಳಲಾರವು.

ಆದ್ದರಿಂದ ಇಷ್ಟು ನೆನಪಿಡಿ: ಮಚ್ಚೆ ಕಂಡು ಮರವನ್ನು ಕೆರೆಯಬೇಡಿ, ಕಡಿಯಬೇಡಿ. ಕಬ್ಬಿನ ತರಗಿಗೆ ಬೆಂಕಿ ಇಡದೆ ಸಾಲಿನಲ್ಲೇ ಹೊದಿಸಿರಿ. ಭೂಮಿಗೂ ತಂಪು, ಗಾಳಿಗೂ ಹಿತ. ಬದುವಿನ ಹಳೇ ಮರಗಳನ್ನು ಉಳಿಸಿರಿ. ಸಸಿ ನೆಡುವುದು ಒಂದು ದಿನದ ಕೆಲಸ. ಹಳೇ ತೊಗಟೆ ಆಗಲಿಕ್ಕೆ ಒಂದು ತಲೆಮಾರು ಬೇಕು.